ಲಿಫ್ಟ್ ಎತ್ತರ ಆಗಿರಲಿಲ್ಲ

ಅವನಿಗೆ ಆ ದಿನ ಜ್ವರ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಬುಧಾಬಿಯಲ್ಲಿ ನಮ್ಮ ಕರಾವಳಿಯವರು ನಾಲ್ಕು ಜನ ಸೇರಿದರೆ ನಮ್ಮ ವಾಲಿಬಾಲ್ ತಂಡ ಫೈನಲ್ ಸೋತ ಕಥೆ ಬಂದೇ ಬರುತ್ತದೆ. ಆಗ ಯಾರಾದರೊಬ್ಬರು ಚಹಾದ ಗ್ಲಾಸು ಕೆಳಗಿಟ್ಟು, "ಪಾಪ, ಅವನು ಜ್ವರದಲ್ಲೇ ಆಡಿದ್ದು ಗೊತ್ತುಂಟಾ?" ಎನ್ನುತ್ತಾರೆ. ಜ್ವರ ಅಲ್ಲ ಸ್ವಾಮಿ, ಕೋರಿ ರೊಟ್ಟಿ. ಆ ಮಧ್ಯಾಹ್ನ ಅವನು ಕೋಳಿ ಸಾರು ಸುರಿದುಕೊಂಡು ರೊಟ್ಟಿ ಮುರಿಮುರಿದು ತಿಂದದ್ದನ್ನು ಎದುರಿಗೇ ಕುಳಿತು ನೋಡಿದವನು ನಾನು.

ತಂಡದಲ್ಲಿ ನಾನು ಲಿಫ್ಟರ್ ಆಗಿದ್ದೆ. ವಾಲಿಬಾಲ್ ಆಡಿದವರಿಗೆ ಇದರ ಅರ್ಥ ಗೊತ್ತು, ಬರೀ ನೋಡಿದವರಿಗೆ ಗೊತ್ತಿಲ್ಲ. ಹಿಂದಿನಿಂದ ಬಂದ ಚೆಂಡನ್ನು ನೆಟ್ಟಿನ ಪಕ್ಕದಲ್ಲಿ, ಹೊಡೆಯುವವನ ಕೈಗೆ ಸರಿಯಾಗಿ ಸಿಗುವ ಎತ್ತರಕ್ಕೆ ಬೆರಳ ತುದಿಯಿಂದ ಎತ್ತಿ ಕೊಡುವವನು ಲಿಫ್ಟರ್. ಹೊಡೆಯುವವನು ಹಾರಿ ಹೊಡೆಯುತ್ತಾನೆ, ಜನ ಎದ್ದು ನಿಂತು ಸಿಳ್ಳೆ ಹಾಕುತ್ತಾರೆ. ಚೆಂಡು ಅಷ್ಟು ಮೇಲಕ್ಕೆ ಹೇಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಮದುವೆ ಊಟ ಹೊಗಳುವವರು ತೆಂಗಿನಕಾಯಿ ತುರಿದವರನ್ನು ವಿಚಾರಿಸುತ್ತಾರೆಯೇ? ಇದೂ ಹಾಗೆಯೇ.

ನಮ್ಮಲ್ಲಿ ಹೊಡೆಯುವವನು ಅವನು. ಉಡುಪಿ ಕಡೆಯವನು, ನನ್ನದೇ ವಯಸ್ಸು, ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್. ಎಡಗೈ. ನೋಡಲಿಕ್ಕೆ ಅಂಥ ಎತ್ತರವೇನಲ್ಲ, ಆದರೆ ಹಾರಿದರೆ ಮೇಲೆ ಒಂದು ಕ್ಷಣ ನಿಂತೇ ಬಿಡುತ್ತಿದ್ದ. ಎದುರಿನವರು ತಡೆಯಲು ಹಾರಿ, ಕೈ ಎತ್ತಿ, ಇಳಿದು ಆಗುತ್ತಿತ್ತು. ಇವನು ಇನ್ನೂ ಮೇಲೆ ಇರುತ್ತಿದ್ದ. ಆಮೇಲೆ ಎಡಗೈ ಬೀಸಿದರೆ ಚೆಂಡು ಮರಳಿನಲ್ಲಿ ಗುಂಡಿ ಮಾಡುತ್ತಿತ್ತು. ಅವನ ಆಟ ನೋಡಲೆಂದೇ ಮುಸಫ್ಫಾದ ಕಾರ್ಮಿಕರ ಕ್ಯಾಂಪುಗಳಿಂದ ಜನ ಬಸ್ಸು ಮಾಡಿಕೊಂಡು ಬರುತ್ತಿದ್ದರು. ಇದು ಸುಳ್ಳಲ್ಲ. ಅವನ ಬಗ್ಗೆ ಹೇಳುವುದರಲ್ಲಿ ಸುಳ್ಳಲ್ಲದ್ದು ಇದೊಂದೇ, ಹಾಗಾಗಿ ಧಾರಾಳವಾಗಿ ಒಪ್ಪುತ್ತೇನೆ.

ಉಳಿದದ್ದನ್ನು ಹೇಳಲು ಹೊರಟರೆ ನನ್ನ ಬಿಪಿ ಏರುತ್ತದೆ. ಅವನ ಕಂಪೆನಿ ಅವನನ್ನು ದುಬೈಗೆ ಹಾಕಿತು. ಅವನಿಲ್ಲದೆ ತಂಡ ಇಲ್ಲ ಎಂದು ನಮ್ಮವರು ತೀರ್ಮಾನಿಸಿದರು. ಬಸ್ಸಿನಲ್ಲಿ ಬರುತ್ತೇನೆಂದ; ಒಮ್ಮೆಯೂ ಬರಲಿಲ್ಲ. ಒಮ್ಮೆ ಬಸ್ಸು ಸಿಗಲಿಲ್ಲ, ಒಮ್ಮೆ ಬಸ್ಸಿನ ಕಾರ್ಡಿನಲ್ಲಿ ದುಡ್ಡಿರಲಿಲ್ಲ, ಒಮ್ಮೆ ಬಸ್ಸು ಹತ್ತಿ ನಿದ್ದೆ ಬಂದು ಎಲ್ಲಿಗೋ ಹೋದ. ಅವನಿಗೆ ಲೈಸೆನ್ಸು ಇರಲಿಲ್ಲ. ಡ್ರೈವಿಂಗ್ ಟೆಸ್ಟಿಗೆ ಹೋಗಿ ಹೋಗಿ ಫೇಲಾಗಿ, ಪ್ರತಿ ಸಲ ಪರೀಕ್ಷೆ ಮಾಡಿದ ಪೊಲೀಸಿನವನದೇ ತಪ್ಪು ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನಿಗೆ ದುಬೈಯ ರಸ್ತೆಯೆಲ್ಲ ಡೊಂಕು. ಕೊನೆಗೆ, ಕಾರು ಇದ್ದ ತಪ್ಪಿಗೆ, ಅವನನ್ನು ಕರೆತರುವ ಕೆಲಸ ನನ್ನ ತಲೆಗೆ ಬಂತು.

ಹೀಗೆ ಮ್ಯಾಚಿಗೆಂದು ಶುಕ್ರವಾರ ಶುಕ್ರವಾರ ನಾನು ಅಬುಧಾಬಿಯಿಂದ ದುಬೈಯ ಇಂಟರ್‌ನ್ಯಾಷನಲ್ ಸಿಟಿಗೆ ಹೋಗುತ್ತಿದ್ದೆ. ಅಲ್ಲಿ ಕಟ್ಟಡಗಳ ಗುಂಪಿಗೆ ದೇಶಗಳ ಹೆಸರು. ಅವನು ಮೊರಾಕೊದಲ್ಲಿ ಇನ್ನು ಮೂವರೊಂದಿಗೆ ರೂಮು ಮಾಡಿಕೊಂಡಿದ್ದ. ಕೆಳಗೆ ನಿಂತು ಫೋನು ಮಾಡಿದರೆ, "ಕೆಳಗೇ ಇದ್ದೇನೆ ಮಾರಾಯ," ಎನ್ನುತ್ತಿದ್ದ. ಹಿಂದೆ ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು. ಕೆಳಗೆ ಇರುವವನು ನಾನು, ಅವನು ಎಲ್ಲಿಯ ಕೆಳಗೆ ಇದ್ದಾನೆ? ಒಮ್ಮೆ ಬಹಳ ಹೊತ್ತು ಕಾದು, ಸಿಟ್ಟಿನಲ್ಲಿ ಮೇಲೆ ಹತ್ತಿ ಬಾಗಿಲು ಬಡಿದರೆ ಯಾರೋ ಗುರುತಿಲ್ಲದವರು ಬಾಗಿಲು ತೆಗೆದರು. ಅವನು ಅದೇ ವಾರ ಮೊರಾಕೊ ಬಿಟ್ಟು ಪರ್ಷಿಯಾಕ್ಕೆ ಹೋಗಿದ್ದ. ನನಗೆ ಹೇಳಲು ಮರೆತಿದ್ದನಂತೆ.

"ಮೊದಲೇ ಹೇಳ್ಲಿಕ್ಕೆ ಎಂತ ದಾಡಿ ನಿಂಗೆ?" ಎಂದು ಕಾರಿನಲ್ಲಿ ಬೈದೆ.

"ಹೇಳಿದ್ರೆ ನೀನು ಸಾಮಾನು ಹೊರ್ಲಿಕ್ಕೆ ಬರ್ತಿದ್ದಿ. ನಿಂಗೆ ಯಾಕೆ ಕಷ್ಟ ಕೊಡುದು ಅಂತ," ಎಂದ. ಹೇಳಿ ಸೀಟು ಹಿಂದಕ್ಕೆ ಮಾಡಿ ಮಲಗಿದ. ನನ್ನ ಸಿಟ್ಟು ಹೋಗಿ ನಗು ಬಂತು, ಆಮೇಲೆ ನಕ್ಕದ್ದಕ್ಕೆ ಸಿಟ್ಟು ಬಂತು. ಅವನ ಜೊತೆ ಬದುಕುವುದೆಂದರೆ ಇದೇ.

ಪ್ರಾಕ್ಟೀಸಿಗೆ ಅವನು ಬರುತ್ತಿರಲಿಲ್ಲ. ಅಬುಧಾಬಿಯಲ್ಲಿ ಇದ್ದಾಗಲೂ ಬರುತ್ತಿರಲಿಲ್ಲ, ಆದ್ದರಿಂದ ದುಬೈಯನ್ನು ದೂರಬೇಡಿ. "ಹೊಡೆಯುದು ಕೈಯಲ್ಲಿ ಉಂಟು, ಪ್ರಾಕ್ಟೀಸಿನಲ್ಲಿ ಎಂತ ಉಂಟು?" ಎನ್ನುತ್ತಿದ್ದ. ಅಭಿಮಾನಿಗಳಿಗೆ ಈ ಮಾತು ಕಂಠಪಾಠ. ಇಷ್ಟಕ್ಕೂ ಗೆಲ್ಲುತ್ತಿದ್ದನಲ್ಲ ಎನ್ನುತ್ತಿದ್ದರು. ಗೆಲ್ಲುತ್ತಿದ್ದೆವು, ನಿಜ. ಹೇಗೆ ಗೆಲ್ಲುತ್ತಿದ್ದೆವು ಎನ್ನುವುದು ನನಗೆ ಮಾತ್ರ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಆ ಫೈನಲ್ಲಿನ ದಿನ ಹಮ್ದಾನ್ ಸ್ಟ್ರೀಟಿನ ಒಂದು ಫ್ಲಾಟಿನಲ್ಲಿ ಪರಿಚಯದವರ ಮಗುವಿನ ಹುಟ್ಟುಹಬ್ಬ. ಹೋಗುವುದು ಬೇಡ ಎಂದೆ. ಮುಖ ತೋರಿಸಿ ಬರುವ ಎಂದ. ಮುಖ ತೋರಿಸಲು ಹೋದವನು ಎಲೆಯ ಮುಂದೆ ಕುಳಿತ. ಒಂದು ಸಲ ಬಡಿಸಿದರು, ಇನ್ನೊಂದು ಸಲ ಬಡಿಸಿದರು, ಮನೆಯಾಕೆ "ನೀವು ಆಡ್ಲಿಕ್ಕುಂಟಲ್ಲ, ಗಟ್ಟಿ ತಿನ್ನಿ" ಎಂದರು. ನಾನು ಸಾಕೆಂದು ಕಣ್ಣು ಬಿಟ್ಟೆ, ಅವನು ನನ್ನ ಕಡೆ ನೋಡಲೇ ಇಲ್ಲ.

ಸಂಜೆ ಮೊದಲಿಗೆ ಎಲ್ಲ ಸರಿಯಿತ್ತು. ಆಟ ಉದ್ದವಾದಂತೆ ಅವನ ಹಾರುವಿಕೆ ಇಳಿಯುತ್ತ ಬಂತು. ನಾನು ಯಾವತ್ತಿನ ಎತ್ತರಕ್ಕೇ ಚೆಂಡು ಕೊಡುತ್ತಿದ್ದೆ, ಅವನ ಕೈ ಒಂದು ಗೇಣು ಕೆಳಗೆ ಬರುತ್ತಿತ್ತು. ಕೊನೆಯ ಚೆಂಡು ಅವನ ಬೆರಳ ತುದಿಗೆ ತಾಗಿ, ಜಾರಿ, ನಮ್ಮ ಕಡೆಯೇ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಲಿಫ್ಟ್ ಎತ್ತರ ಆಯ್ತು ಮಾರಾಯ," ಎಂದ.

ಅಷ್ಟೇ. ಅಂದಿನಿಂದ ಫೈನಲ್ ಸೋಲಿಸಿದವನು ನಾನು. ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳಲು ಹೋದರೆ ಕ್ಯಾಷಿನಲ್ಲಿ ಕುಳಿತವನು, "ಆ ದಿನ ಸ್ವಲ್ಪ ಕೆಳಗೆ ಕೊಡ್ಬೇಕಿತ್ತಲ್ಲ ನೀವು" ಎನ್ನುತ್ತಿದ್ದ. ಲಿಫ್ಟ್ ಎತ್ತರ ಎಂದವನನ್ನು ಒಬ್ಬನೇ ಇದ್ದಾಗ ಹಿಡಿದು ಕೇಳಿದೆ. "ಹೌದಾ, ನಾನು ಹಾಗೆ ಹೇಳಿದ್ನಾ? ಬಿಡು, ಯಾರು ನೆನಪಿಟ್ಟುಕೊಳ್ತಾರೆ," ಎಂದ. ಮುಂದಿನ ಶುಕ್ರವಾರ ಮತ್ತೆ ಪರ್ಷಿಯಾದ ಕೆಳಗೆ ಕಾರು ನಿಲ್ಲಿಸಿಕೊಂಡು ಕಾದೆ. ಯಾಕೆ ಕಾದೆ ಎಂದು ನನ್ನ ಹೆಂಡತಿಯೂ ಕೇಳಿದಳು. ಅವನು ಮೇಲೆ ನಿಂತಿರುವ ಆ ಒಂದು ಕ್ಷಣ ನಾನು ಕೊಟ್ಟ ಚೆಂಡೂ ಅಲ್ಲೇ ಇರುತ್ತಿತ್ತು, ಅದಕ್ಕೆ ಎಂದು ಅವಳಿಗೆ ಹೇಗೆ ಹೇಳಲಿ?

ಕೆಲವು ವರ್ಷಗಳ ನಂತರ ರಜೆಯಲ್ಲಿ ಊರಿಗೆ ಹೋದವನು, ಎದೆ ಭಾರ ಎಂದು ಮಧ್ಯಾಹ್ನ ಮಲಗಿ, ಏಳಲಿಲ್ಲ. ಸುದ್ದಿ ಬಂದಾಗ ನಾನು ಆಫೀಸಿನಲ್ಲಿದ್ದೆ. ಮೊದಲು ಬಂದದ್ದು ಸಿಟ್ಟು. ಹೇಳದೆ ಕೇಳದೆ ಹೋಗುವ ಚಾಳಿ ಕೊನೆಗೂ ಬಿಡಲಿಲ್ಲ ಇವನು ಎಂದು. ಆಮೇಲೆ ಕಾರಿನಲ್ಲಿ ಕುಳಿತು ಅತ್ತೆ.

ಅವನ ಹೆಂಡತಿ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ಮಗಳು ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ವಾರದ ದಿನಗಳಲ್ಲಿ ಅವನು ದುಬೈಯಲ್ಲಿ, ಮ್ಯಾಚು ಮುಗಿಸಿ ಮನೆಗೆ. ಅವನು ಹೋದಮೇಲೂ ತಾಯಿ ಮಗಳು ಅಲ್ಲೇ ಉಳಿದರು. ವರ್ಷ ತುಂಬುವ ಹೊತ್ತಿಗೆ ನಮ್ಮ ಕರಾವಳಿಯವರ ಸಂಘದವರು ನುಡಿನಮನ ಇಟ್ಟುಕೊಂಡು, ಅವನ ಹೆಸರಿನಲ್ಲಿ ಪ್ರತಿವರ್ಷ ಪಂದ್ಯಾಟ ಮಾಡುವುದೆಂದು ನಿಶ್ಚಯಿಸಿದರು. ಅದಕ್ಕೆ ಕೆಲವು ದಿನ ಮೊದಲು ಆಕೆ ನನಗೆ ಫೋನು ಮಾಡಿದಳು.

"ಅಣ್ಣ, ನೀವು ಮಾತಾಡ್ತೀರಲ್ಲ ಆ ದಿನ? ನಿಜ ಹೇಳ್ಬೇಕು ನೀವು," ಎಂದಳು.

"ಎಂತ ನಿಜ?"

"ಅವರು ಹೇಗಿದ್ರು ಅಂತ. ಇವಳು ಈಗ ಶಾಲೆಯ ವಾಲಿಬಾಲ್ ಟೀಮಿನಲ್ಲಿದ್ದಾಳೆ. ಅವರದ್ದೇ ಎಡಗೈ. ಆದ್ರೆ ಪ್ರಾಕ್ಟೀಸಿಗೆ ಹೋಗುದಿಲ್ಲ. ಕೇಳಿದ್ರೆ ಪಪ್ಪ ಹೋಗ್ತಿರ್ಲಿಲ್ಲ ಅಂತ ಹೇಳ್ತಾಳೆ. ಬಂದ ಅಂಕಲ್‌ಗಳೆಲ್ಲ ಅದನ್ನೇ ಹೇಳಿ ಹೇಳಿ ಅವಳ ತಲೆಯಲ್ಲಿ ಕೂತಿದೆ. ಲಿಫ್ಟ್ ಮಾಡುವ ಹುಡುಗಿ ಇವಳಿಗೆ ಚೆಂಡು ಕೊಡುದಿಲ್ಲ ಅಂತ ಹೇಳಿಬಿಟ್ಟಿದೆಯಂತೆ. ಇನ್ನು ಹೀಗೇ ಮಾಡಿದ್ರೆ ಟೀಮಿನಿಂದ ತೆಗೀತೇನೆ ಅಂತ ಪಿ.ಟಿ. ಮಿಸ್ಸೂ ಹೇಳಿದ್ರು." ಆಮೇಲೆ ದನಿ ತಗ್ಗಿಸಿ, "ಪಪ್ಪ ಹೋದ ಮೇಲೆ ಇವಳ ಮುಖದಲ್ಲಿ ನಗು ನೋಡಿದ್ದು ನಾನು ಆ ಕೋರ್ಟಿನಲ್ಲೇ ಅಣ್ಣ. ಅದೂ ಹೋದ್ರೆ ನಾನೆಂತ ಮಾಡುದು?" ಎಂದಳು.

ಖಂಡಿತ ಹೇಳುತ್ತೇನೆ ಎಂದೆ. ನನಗೇನು, ಇಷ್ಟು ವರ್ಷ ಕಾದ ಅವಕಾಶ.

ಹೋಟೆಲಿನ ಮಾಳಿಗೆಯ ಹಾಲಿನಲ್ಲಿ ಜನ ತುಂಬಿದ್ದರು. ಕುರ್ಚಿಯ ಮೇಲೆ ಅವನ ಫೋಟೊ, ಅದಕ್ಕೆ ಮಲ್ಲಿಗೆ ಹಾರ. ಫೋಟೊದಲ್ಲೂ ಆಗತಾನೇ ಎದ್ದು ಬಂದವನ ಹಾಗೆ ನಗುತ್ತಿದ್ದ. ಒಬ್ಬರು ಎದ್ದು, ಅವನು ಹಾರಿದರೆ ಆಟದ ಜಾಗದ ಗೋಡೆಯಾಚೆಯ ಸಮುದ್ರ ಕಾಣುತ್ತಿತ್ತಂತೆ ಎಂದರು. ಅಲ್ಲಿಂದ ಸಮುದ್ರಕ್ಕೆ ಟ್ಯಾಕ್ಸಿ ಮಾಡಬೇಕು. ಇನ್ನೊಬ್ಬರು ಅವನು ಸಮಯಪಾಲನೆಗೆ ಹೆಸರಾದವನು ಎಂದರು. ನನಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಮತ್ತೊಬ್ಬರು ಜ್ವರದ ಕಥೆ ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಎನ್ನುವುದು ಇದಕ್ಕೇ. ಮುಂದಿನ ಸಾಲಿನಲ್ಲಿ ಮಗಳು ಕುರ್ಚಿಯ ಅಂಚಿಗೆ ಬಂದು ಕೇಳುತ್ತಿದ್ದಳು. ತಾಯಿ ನನ್ನ ಕಡೆ ನೋಡಿದಳು.

ನಾನು ಮೈಕು ಹಿಡಿದು ನೇರವಾಗಿ ಶುರು ಮಾಡಿದೆ. ಅವನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಎಂದೆ. ಹಾಲಿನಲ್ಲಿ ಕಿಸಕ್ ಎಂದರು. ಬಚ್ಚಲಿನಲ್ಲಿ ನಿಂತು ಕೆಳಗಿದ್ದೇನೆ ಎನ್ನುತ್ತಿದ್ದ ಎಂದೆ. ದೊಡ್ಡ ನಗು. ಮೊರಾಕೊ ಬಿಟ್ಟು ಪರ್ಷಿಯಾಕ್ಕೆ ಹೋದದ್ದನ್ನು ಹೇಳಿದಾಗ ಹಿಂದಿನ ಸಾಲಿನವರು ಮೇಜು ಬಡಿದರು. ನನಗೆ ಸಿಟ್ಟೇರಿತು. ಸಿಟ್ಟೇರಿದಷ್ಟೂ ಅವರಿಗೆ ಖುಷಿ. ಫೈನಲ್ಲಿನ ದಿನ ಜ್ವರ ಇರಲಿಲ್ಲ, ಕೋರಿ ರೊಟ್ಟಿ ತಿಂದು ಬಂದು ಹಾರಲಾಗದೆ ಸೋತದ್ದು ಎಂದು ಕೊನೆಗೆ ಗಂಟಲು ಏರಿಸಿಯೇ ಹೇಳಿದೆ. ನಗು ನಿಂತಿತು. ಸಾಧಿಸಿದೆ ಎಂದುಕೊಂಡೆ. ಆಗ ಯಾರೋ ಹಿಂದಿನಿಂದ, "ಹಾಗಾದ್ರೆ ಹೊಟ್ಟೆ ತುಂಬ ರೊಟ್ಟಿ ಇಟ್ಟುಕೊಂಡು ಫೈನಲ್ ಆಡಿದ್ನಾ ಮಾರಾಯ್ರೆ, ಎಂಥ ಗಂಡಸು" ಎಂದರು, ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು.

ಇವರಿಗೆ ಏನು ಹೇಳುವುದು? ಬೈದರೂ ಅವನಿಗೇ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಗಳು. ತಾಯಿ ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಆಕೆಯ ಮುಖ ನೋಡಲಾಗಲಿಲ್ಲ, ಮೈಕು ಕೊಟ್ಟು ಇಳಿದುಬಿಟ್ಟೆ.

ಊಟದ ಹೊತ್ತಿಗೆ ನಾನು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಆ ಹುಡುಗಿ ಹತ್ತಿರ ಬಂದಳು. "ಅಂಕಲ್, ಯು ವರ್ ಸೋ ಫನ್ನಿ," ಎಂದಳು. "ಪಪ್ಪ ವಾಸ್ ಸಚ್ ಎ ಲೆಜೆಂಡ್. ನೋ ಪ್ರಾಕ್ಟೀಸ್, ನಥಿಂಗ್."

ನನ್ನ ತಾಳ್ಮೆ ಅಲ್ಲಿಗೆ ಖಲಾಸ್. ತಟ್ಟೆ ಕೆಳಗಿಟ್ಟೆ.

"ಅವನು ಮಾಡಲಿಲ್ಲ ಮಗಾ. ಅವನ ಪ್ರಾಕ್ಟೀಸನ್ನೂ ನಾನೇ ಮಾಡಿದ್ದು," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಅದನ್ನು ಅವಳಿಗೆ ಹೇಳಿದೆ. ಲಿಫ್ಟ್ ಎನ್ನುವುದು ಸುಮ್ಮನೆ ಗಾಳಿಗೆ ಎತ್ತುವುದಲ್ಲ, ಒಬ್ಬೊಬ್ಬರ ಕೈಗೆ ಒಂದೊಂದು ಎತ್ತರ. ಆ ಕೈ ಎದುರಿಗೆ ಇಲ್ಲದಿದ್ದರೆ ಕಲಿಯುವುದು ಹೇಗೆ? ಅವನು ಬರುವುದಿಲ್ಲ. ಹಾಗಾಗಿ ಒಂದು ದಿನ ಕಾಡಿ ಬೇಡಿ, ನಾವು ನೆಟ್ಟು ಕಟ್ಟುತ್ತಿದ್ದ ಖಾಲಿ ಜಾಗದ ಪಕ್ಕದ ಗೋಡೆಯ ಹತ್ತಿರ ಅವನನ್ನು ನಿಲ್ಲಿಸಿ ಹಾರಿಸಿದೆ. ಎಡಗೈ ಮುಟ್ಟಿದಲ್ಲಿ ಪ್ಲಾಸ್ಟಿಕ್ ಕುರ್ಚಿ ಹತ್ತಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಮೇಲೆ ವಾರವಾರ, ಉಳಿದವರು ಮನೆಗೆ ಹೋದ ಮೇಲೆ, ನಾನೊಬ್ಬನೇ ಆ ಗೆರೆಗೆ ಚೆಂಡು ಎತ್ತುತ್ತಿದ್ದೆ. ಗೆರೆ ಅಳಿಸಿದರೆ ಮತ್ತೆ ಎಳೆಯುತ್ತಿದ್ದೆ. ಗೋಡೆಗೆ ಹೊಸ ಬಣ್ಣ ಬಳಿದಾಗ ಕುರ್ಚಿ ಹತ್ತಿ ಕಣ್ಣಂದಾಜಿನಲ್ಲೇ ಎಳೆದೆ. ಅಷ್ಟು ಹೊತ್ತಿಗೆ ನನ್ನ ಬೆರಳಿಗೆ ಆ ಎತ್ತರ ಬಾಯಿಪಾಠ ಆಗಿತ್ತು. ಅವನು ಶುಕ್ರವಾರ ನಿದ್ದೆಗಣ್ಣಿನಲ್ಲಿ ಬಂದು ಹಾರಿದರೆ ಚೆಂಡು ಅಲ್ಲೇ ಇರುತ್ತಿತ್ತು. ಅವನಿಗೆ ಪ್ರಾಕ್ಟೀಸು ಬೇಕಾಗಲಿಲ್ಲ ಎಂದು ನೀವೆಲ್ಲ ಹೇಳುವುದು ಇದಕ್ಕೇ.

"ಪ್ರಾಕ್ಟೀಸಿಗೆ ಹೋಗುದು ನಿಂಗೋಸ್ಕರ ಅಲ್ಲ," ಎಂದೆ. "ನಿಂಗೆ ಲಿಫ್ಟ್ ಕೊಡುವವರಿಗೋಸ್ಕರ. ನೀನು ಹೋಗದಿದ್ರೆ ಅಲ್ಲಿ ಆ ಹುಡುಗಿ ಗೋಡೆಯ ಹತ್ರ ಮಾತಾಡ್ಬೇಕು, ಗೊತ್ತಾಯ್ತಾ?"

ಅವಳು ನಗುವುದನ್ನು ನಿಲ್ಲಿಸಿದ್ದಳು. ಕೈಯಲ್ಲಿದ್ದ ಹೋಳಿಗೆಯನ್ನು ಮಡಚಿ ಮಡಚಿ ಸಣ್ಣದು ಮಾಡಿದಳು. ಆಮೇಲೆ ತಲೆ ಎತ್ತದೆ, ತಡವರಿಸುವ ಕನ್ನಡದಲ್ಲಿ, "ಆ ಫೈನಲ್‌ನಲ್ಲಿ... ಲಿಫ್ಟ್ ಎತ್ತರ ಆಗಿತ್ತಾ ಅಂಕಲ್?" ಎಂದಳು.

ಈ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದರು, ಕೇಳಿರಲಿಲ್ಲ.

"ಇಲ್ಲ ಮಗಾ. ನಿನ್ನ ಪಪ್ಪ ಹಾರುವಷ್ಟೇ ಇತ್ತು. ಆ ದಿನ ಅವನು ಹಾರಲಿಲ್ಲ, ಅಷ್ಟೇ."

ಅವಳು ತಾಯಿಯ ಹತ್ತಿರ ಹೋದಳು. ಮಗುವಿನ ಮುಂದೆ ಅಷ್ಟು ಹೇಳಬಾರದಿತ್ತೇನೋ ಎಂದು ನಾನು ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ವಾರ ಕಳೆಯುವುದರೊಳಗೆ ತಾಯಿಯ ಫೋನು ಬಂತು. "ಅಣ್ಣ, ಶನಿವಾರ ಪುರುಸೊತ್ತುಂಟಾ ನಿಮಗೆ? ಪ್ರಾಕ್ಟೀಸಿಗೆ ನಿಮ್ಮನ್ನು ಕರೀಲಿಕ್ಕೆ ಹೇಳ್ತಿದ್ದಾಳೆ. ಲಿಫ್ಟ್ ಮಾಡುವ ಹುಡುಗಿಗೂ ಹೇಳಿದ್ದಾಳಂತೆ. ಅದು ಬರ್ತದಾ ಇಲ್ವಾ ಗೊತ್ತಿಲ್ಲ."

ಹೀಗೆ ಶನಿವಾರ ಬೆಳಿಗ್ಗೆ ನಾನು ಅಲ್ ಐನ್‌ಗೆ ಹೋಗಿ ಅವರ ಕಟ್ಟಡದ ಕೆಳಗೆ ಕಾರು ನಿಲ್ಲಿಸಿದೆ. ಇಷ್ಟು ವಯಸ್ಸಾದ ಮೇಲೂ ಅದೇ ಹಣೆಬರಹ, ಊರು ಮಾತ್ರ ಬೇರೆ. ಫೋನು ಮಾಡಿದೆ.

"ಐ ಆ್ಯಮ್ ಡೌನ್‌ಸ್ಟೇರ್ಸ್ ಅಂಕಲ್," ಎಂದಳು. ಹಿಂದೆ ನೀರು ಬೀಳುವ ಸದ್ದು.

ತಲೆ ಚಚ್ಚಿಕೊಂಡೆ. ತಾಯಿಯಂತೆ ಮಗಳು ಎನ್ನುವ ಗಾದೆ ಮಾಡಿದವನು ಈ ಮನೆಗೆ ಬಂದಿರಲಿಕ್ಕಿಲ್ಲ. ಯಾರಿಗೆ ಏನು ಹೇಳಿ ಏನು ಪ್ರಯೋಜನ ಎಂದು ಸೀಟು ಹಿಂದಕ್ಕೆ ಮಾಡುವಷ್ಟರಲ್ಲಿ ನೆರಳಿನಲ್ಲಿ ಒಬ್ಬ ಹುಡುಗಿ ನಿಂತಿರುವುದು ಕಂಡಿತು. ಸಣ್ಣಗೆ, ಕುಳ್ಳಗೆ, ಕಂಕುಳಲ್ಲಿ ಚೆಂಡು. ಮುಖ ಬಿಗಿದುಕೊಂಡು ಮೂರನೇ ಮಹಡಿಯ ಕಿಟಕಿಯನ್ನೇ ನೋಡುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಮೊರಾಕೊದಲ್ಲೂ ಪರ್ಷಿಯಾದಲ್ಲೂ ಕಾರಿನ ಕನ್ನಡಿಯಲ್ಲಿ ನೋಡಿದ್ದೇನೆ. ಇಳಿದು ಹೋಗಿ ಅವಳ ಪಕ್ಕ ನಿಂತೆ.

"ಶಿ ಆಲ್ವೇಸ್ ಸೇಸ್ ಡೌನ್‌ಸ್ಟೇರ್ಸ್," ಎಂದಳು ಆ ಹುಡುಗಿ, ನನ್ನ ಕಡೆ ತಿರುಗದೆ. "ಐ ಆ್ಯಮ್ ಗೋಯಿಂಗ್ ಹೋಮ್ ಅಂಕಲ್."

ಹೋಗಬೇಡ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ನಾನು ಹೋಗದೆ ನಿಂತದ್ದರ ಫಲ ನನಗೆ ಗೊತ್ತು. ಅವಳು ಎರಡು ಹೆಜ್ಜೆ ಇಟ್ಟಳು ಕೂಡ. ಅಷ್ಟರಲ್ಲಿ ಮೆಟ್ಟಿಲಲ್ಲಿ ದಡದಡ ಸದ್ದಾಗಿ, ಲಿಫ್ಟಿಗೂ ಕಾಯದೆ ಓಡಿಕೊಂಡು ಅವನ ಮಗಳು ಹೊರಬಿದ್ದಳು. ಒದ್ದೆ ಕೂದಲು, ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಬೈಯಲು ನಾನು ಬಾಯಿ ತೆರೆದೆ.

ಅವಳು ನನ್ನನ್ನು ನೋಡಲೇ ಇಲ್ಲ. ನೇರ ಆ ಹುಡುಗಿಯ ಮುಂದೆ ಹೋಗಿ ನಿಂತು, ಏದುಸಿರು ಬಿಡುತ್ತ, "ಸಾರಿ," ಎಂದಳು. "ಐ ವಾಸ್ ನಾಟ್ ಡೌನ್‌ಸ್ಟೇರ್ಸ್. ಐ ಲೈಡ್. ಸಾರಿ."

ಅವಳ ಅಪ್ಪನ ಬಾಯಿಂದ ಆ ಒಂದು ಮಾತನ್ನು ನಾನು ಎಷ್ಟು ವರ್ಷ ಕಾದೆ. ನನಗೆ ಸಿಗಲಿಲ್ಲ, ಆ ಕುಳ್ಳ ಹುಡುಗಿಗೆ ಸಿಕ್ಕಿತು. ಅವಳು ಮುಖ ಬಿಗಿದುಕೊಂಡೇ ಚೆಂಡನ್ನು ಕಂಕುಳಿನಿಂದ ತೆಗೆದು ಕೈಗೆ ತೆಗೆದುಕೊಂಡಳು. ನಾನು ಕಾರಿನ ಹಿಂದಿನ ಬಾಗಿಲು ತೆಗೆದು, ಇಬ್ಬರನ್ನೂ ಹತ್ತಿಸಿಕೊಂಡು, ದಾರಿಯಲ್ಲಿ ಒಂದು ಸೀಮೆಸುಣ್ಣದ ಪೆಟ್ಟಿಗೆ ಕೊಳ್ಳಲು ಅಂಗಡಿಯ ಮುಂದೆ ನಿಲ್ಲಿಸಿದೆ.